ಅಜ್ಜನಿಗೆ ಬರುತ್ತಿದ್ದ ತುರ್ಕಿ

ನಮ್ಮ ಅಜ್ಜನಿಗೆ ತುರ್ಕಿ ಭಾಷೆ ಬರುತ್ತದೆ ಎಂಬುದು ಬಂಟ್ವಾಳದ ಪೇಟೆಯಿಂದ ಗುರುವಾಯನಕೆರೆಯ ಕೂಡುರಸ್ತೆಯವರೆಗೆ ಎಲ್ಲರಿಗೂ ಗೊತ್ತಿತ್ತು. ಎಷ್ಟು ಬರುತ್ತದೆ ಎಂದು ಕೇಳಿದವರು ಮಾತ್ರ ಯಾರೂ ಇಲ್ಲ. ಕೇಳಬೇಕಾದರೆ ಕೇಳುವವನಿಗೂ ಸ್ವಲ್ಪ ಬರಬೇಕಲ್ಲ. ಹಾಗಾಗಿ ಅಜ್ಜನ ಪಾಂಡಿತ್ಯ ಬಹಳ ವರ್ಷ ಸುರಕ್ಷಿತವಾಗಿತ್ತು.

ಅಜ್ಜ ಗುರುವಾಯನಕೆರೆಯಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ಬೆಳ್ತಂಗಡಿಗೆ ಹೋಗುವವರು, ಮೂಡಬಿದಿರೆಯ ಬಸ್ಸಿಗೆ ಕಾಯುವವರು ಅಲ್ಲಿ ಚಾ ಕುಡಿಯುತ್ತಿದ್ದರು. ಯಾರಾದರೂ ಹೊಸಬರು ಬಂದರೆ ಹಳೆಯ ಗಿರಾಕಿಗಳು ಅಜ್ಜನನ್ನು ಸುಮ್ಮನೆ ಬಿಡುತ್ತಿರಲಿಲ್ಲ. “ಅಜ್ಜೇರೆ, ಇವರಿಗೆ ಸ್ವಲ್ಪ ತುರ್ಕಿ ಕೇಳಿಸಿ” ಎನ್ನುತ್ತಿದ್ದರು. ಅಜ್ಜ ಹೆಗಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು, ಗಂಭೀರವಾಗಿ ನಿಂತು, ತಗ್ಗಿದ ಸ್ವರದಲ್ಲಿ ಹೇಳುತ್ತಿದ್ದರು: “ಜಿಜಿ. ಮಮ. ಅತ್ತಾ. ಜಿಸ್.” ಕೇಳಿದವರು ತಲೆದೂಗಿ ಇನ್ನೊಂದು ಚಾ ಹೇಳುತ್ತಿದ್ದರು.

ಶನಿವಾರ ಸಂಜೆಯ ಬಸ್ಸಿಗೆ ಅಜ್ಜ ಬಂಟ್ವಾಳಕ್ಕೆ ಬರುತ್ತಿದ್ದರು. ಪೇಟೆಯ ಹಿಂಬದಿಯಲ್ಲಿ, ಹೊಳೆಯ ಕಡವಿಗೆ ಹತ್ತಿರವಿದ್ದ ಆ ಮನೆ ಅಜ್ಜಿಯದು. ಅಳಿಯಕಟ್ಟಿನ ಕುಟುಂಬ ನಮ್ಮದು. ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲೇ ಉಳಿಯುವುದು, ಮಕ್ಕಳು ತಾಯಿಯ ಮನೆಗೆ ಸೇರಿದವರು, ಗಂಡ ಎಂಬವನು ಬಂದು ಹೋಗುವ ಗೌರವದ ನೆಂಟ. ಬೇರೆ ಊರಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ವಿಚಿತ್ರವಾಗಿ ಕಂಡದ್ದು, ಗಂಡನ ಮನೆಗೆ ಹೋಗುವಾಗ ಹುಡುಗಿಯರು ಯಾಕೆ ಅಳುತ್ತಾರೆ ಮತ್ತು ಅಷ್ಟು ಅಳುವುದಾದರೆ ಯಾಕೆ ಹೋಗುತ್ತಾರೆ ಎಂಬುದು. ಮನೆಯಲ್ಲಿ ಅಜ್ಜಿ, ಅಮ್ಮ, ಅಕ್ಕ ಮತ್ತು ನಾನು ಇದ್ದೆವು. ಅಪ್ಪ ಮೂಡಬಿದಿರೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು.

ಶನಿವಾರ ಅಜ್ಜ ತಂದ ಬಾಳೆಲೆಯ ಕಟ್ಟಿನಲ್ಲಿ ಗೋಳಿಬಜೆ ಇರುತ್ತಿತ್ತು. ಬಸ್ಸಿನಲ್ಲಿ ಕುಲುಕಿ ತಣ್ಣಗಾಗಿ ಅವು ಗೋಲಿಯಷ್ಟೇ ಗಟ್ಟಿಯಾಗಿರುತ್ತಿದ್ದವು. ಅಜ್ಜ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು “ಜಿಜಿ” ಎನ್ನುತ್ತಿದ್ದರು. ನಾವು “ಜಿಜಿ, ಜಿಜಿ” ಎಂದು ಸುತ್ತ ಕುಣಿಯುತ್ತಿದ್ದೆವು.

ಜಿಜಿ ಎಂದರೆ ಚಂದ. ಜಿಜಿ ಎಂದರೆ ಒಳ್ಳೆಯದು, ಹೊಸತು, ಮುದ್ದಾದದ್ದು. ಹಬ್ಬದ ಅಂಗಿ ಜಿಜಿ. ಕಾಡುಮಾವು ಜಿಜಿ. ಬೆಕ್ಕಿನ ಮರಿ, ಕನಕಾಂಬರದ ಮಾಲೆ, ಬಿಸಿ ಎಣ್ಣೆ ಹಚ್ಚಿದ ಮೇಲೆ ಹೊಳೆಯುವ ನಮ್ಮದೇ ಕಾಲು, ಎಲ್ಲವೂ ಜಿಜಿ. ದೊಡ್ಡವಳಾದ ಮೇಲೆ ನಾನು ಈ ಮಾತಿನ ವ್ಯಾಕರಣ ಯೋಚಿಸಿ ನೋಡಿದ್ದೇನೆ. ಅದಕ್ಕೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿ ಬೇಕಾಗಿಲ್ಲ. ವಸ್ತುವಿನ ಹೆಸರೂ ಅದೇ, ಅದರ ಗುಣವೂ ಅದೇ. ಅಲ್ಲ ಎಂದು ಹೇಳುವ ರೂಪ ಅದಕ್ಕಿಲ್ಲ. ಮತ್ತೆ, ಕಣ್ಣೆದುರು ಇಲ್ಲದ ಯಾವುದನ್ನೂ ಯಾರೂ ಜಿಜಿ ಎನ್ನುವುದಿಲ್ಲ. ನಿನ್ನೆಯ ಮಾವಿನಹಣ್ಣು ಎಷ್ಟೇ ಸಿಹಿಯಾಗಿದ್ದರೂ ಅದು ಬರೀ ಮಾವಿನಹಣ್ಣು. ಕೈಗೆ ಬಂದದ್ದು ಮಾತ್ರ ಜಿಜಿ.

ಅಜ್ಜ ಈ ಮಾತುಗಳನ್ನು ತಂದದ್ದು ಮೊದಲನೆಯ ಮಹಾಯುದ್ಧದಿಂದ. ದಂಡಿನವರಿಗೆ ಅಡಿಗೆ ಮಾಡಲು ಜನ ಬೇಕೆಂದಾಗ ಅಜ್ಜ ಹೊರಟುಹೋಗಿದ್ದರು. ಮದುವೆಯಾಗಿ ವರ್ಷ ಕಳೆದಿರಲಿಲ್ಲ. ಬಂಟ್ವಾಳದ ಕಡವಿನಲ್ಲಿ ದೋಣಿ ಹತ್ತಿ ಮಂಗಳೂರು, ಅಲ್ಲಿಂದ ಬೊಂಬಾಯಿ, ಹಡಗಿನಲ್ಲಿ ಬಸ್ರಾ. ಬಸ್ರಾದ ಆಚೆ ಎಲ್ಲೋ ಸೌಟು ಸಮೇತ ತುರ್ಕಿಯವರ ಕೈಗೆ ಸೆರೆಸಿಕ್ಕರು. ಯುದ್ಧ ಮುಗಿಯುವವರೆಗೂ ಅಲ್ಲೇ ಇದ್ದರು. ನಾನು ಈ ಕತೆಯನ್ನು ಎಷ್ಟು ಸಲ ಕೇಳಿದರೂ ಬಸ್ರಾ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅಜ್ಜನ ಹೋಟೆಲಿನ ಎದುರಿನ ರಸ್ತೆ ಬೆಳ್ತಂಗಡಿ, ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿಯ ಘಾಟಿಗೆ ಹೋಗುತ್ತದೆ. ಆ ಘಾಟಿಯ ಮೇಲೆ ಬೆಳ್ಳಗೆ ಮಂಜು ಕೂತಿರುತ್ತದೆ. ಮಂಜಿನ ಆಚೆ ತುರ್ಕಿ. ಅಲ್ಲಿ ಎಲ್ಲ ಮನೆಗಳೂ ಜಿಜಿ, ಎಲ್ಲರ ಅಂಗಿಯೂ ಹೊಸತು, ದೊಡ್ಡವರು ಕೂಡ ಮೆತ್ತಗೆ ಮಾತಾಡುತ್ತಾರೆ. ಮಧ್ಯಾಹ್ನ ಚಾಪೆಯಲ್ಲಿ ಬಿದ್ದುಕೊಂಡು, ಹೊಳೆಯ ನೀರಿನ ಬಿಸಿಲು ಹೆಂಚಿನ ಮಾಡಿನ ಒಳಮೈಯಲ್ಲಿ ಅಲುಗುವುದನ್ನು ನೋಡುತ್ತ, ನಾನು ಆ ಊರಿಗೆ ಹೋಗಿಬರುತ್ತಿದ್ದೆ. ನಿದ್ದೆ ಎಲ್ಲಿ ಹಿಡಿಯಿತು, ತುರ್ಕಿ ಎಲ್ಲಿ ಸುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

ಈ ಸುಖಕ್ಕೆಲ್ಲ ಕಲ್ಲು ಹಾಕಿದ್ದು ಒಬ್ಬರು ಹಾಜಿಯವರು. ಬ್ಯಾರಿ ಸಮಾಜದ ಹಿರಿಯರು, ಪೇಟೆಯಲ್ಲಿ ಅಡಕೆ ವ್ಯಾಪಾರ, ಅಜ್ಜನ ಪ್ರಾಯದವರು, ಒಳ್ಳೆಯ ಸ್ನೇಹಿತರು. ಪ್ರಾಯದಲ್ಲಿ ಹಡಗಿನಲ್ಲಿ ಖಲಾಸಿಯಾಗಿ ತಿರುಗಿದವರು. ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಎಲೆಯಡಕೆ ಹಾಕುತ್ತಿರುವಾಗ, ತಮ್ಮ ಹಡಗು ಇಸ್ತಾಂಬೂಲಿನಲ್ಲಿ ರಿಪೇರಿಗೆ ನಿಂತಿದ್ದ ಕತೆ ತೆಗೆದರು. ನನಗೆ ಹೆಮ್ಮೆ ತಡೆಯಲಿಲ್ಲ. “ನಮ್ಮ ಅಜ್ಜನಿಗೂ ತುರ್ಕಿ ಬರ್ತದೆ” ಎಂದೆ.

“ಹೌದಲ್ಲ ಮಾರಾಯ್ರೆ! ಊರೆಲ್ಲ ಹೇಳ್ತದೆ, ನನಗೆ ಇಷ್ಟು ವರ್ಷ ಒಂದು ಮಾತು ಕೇಳಿಸಲಿಲ್ಲ! ಎಲ್ಲಿ, ಮಾತಾಡಿ ನೋಡುವ” ಎಂದರು ಹಾಜಿಯವರು.

ಅಜ್ಜ ಹಿಂದುಮುಂದು ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಹೇಳುವ ಹಾಗೆಯೇ ಹೇಳಿದರು: ಜಿಜಿ, ಮಮ, ಅತ್ತಾ, ಜಿಸ್.

ಹಾಜಿಯವರು ಬಾಯಿಯ ಎಲೆಯಡಕೆ ಉಗುಳಲು ಎದ್ದು ಅಂಗಳದ ಬದಿಗೆ ಹೋದರು, ಹೋದವರು ನಗು ತಡೆಯಲಾಗದೆ ಕಂಬ ಹಿಡಿದು ನಿಂತರು. “ಇದು ಎಂಥದು ಮಾರಾಯ್ರೆ! ಇದು ತೊಟ್ಟಿಲಿನ ಮಕ್ಕಳ ಮಾತು. ಮಮ ಅಂದ್ರೆ ಮಕ್ಕಳ ಗಂಜಿ. ಅತ್ತಾ ಅಂದ್ರೆ ತಿರುಗಲಿಕ್ಕೆ ಕರಕೊಂಡು ಹೋಗು ಅಂತ. ಬಿಸಿ ಉಂಟು ಮುಟ್ಟಬೇಡ ಅನ್ನಲಿಕ್ಕೆ ಜಿಸ್. ನೀವು ಯುದ್ಧಕ್ಕೆ ಹೋದದ್ದಾ ಬಾಲವಾಡಿಗೆ ಹೋದದ್ದಾ?” ಅವರ ನಗುವಿನಲ್ಲಿ ಕೆಡುಕು ಇರಲಿಲ್ಲ. ಅಜ್ಜನೂ ಸ್ವಲ್ಪ ನಕ್ಕರು. ನನಗೆ ಮಾತ್ರ ಅಳು ಬಂದಿತ್ತು. ನಮ್ಮ ಮನೆಯ ಪಾಂಡಿತ್ಯ ಅಂಗಳದಲ್ಲಿ ಹರಾಜಾಗಿ ಹೋಗಿತ್ತಲ್ಲ.

ಆಗ ಅಜ್ಜಿ ಮಜ್ಜಿಗೆಯ ಲೋಟ ಹಿಡಿದು ಬಾಗಿಲಿಗೆ ಬಂದರು. ಲೋಟ ಕೊಟ್ಟು ಒಳಗೆ ಹೋಗುವ ಬದಲು ಅಲ್ಲೇ ನಿಂತರು. “ಹಾಜಿಯವರೇ, ಮಕ್ಕಳ ಮಾತು ಕಲಿಯಬೇಕಾದ್ರೆ ಮಕ್ಕಳ ಹತ್ತಿರ ಕೂತಿರಬೇಕಲ್ವಾ?” ಎಂದು ಕೇಳಿದರು.

ಹಾಜಿಯವರು ನಗು ನಿಲ್ಲಿಸಿದರು. ಅಜ್ಜಿ ಈಗ ಅಜ್ಜನ ಕಡೆ ತಿರುಗಿದರು. “ಯಾವ ಮಗು ಅದು?”

“ಸೆರೆಯಲ್ಲಿರುವಾಗ ನನ್ನನ್ನು ಒಬ್ಬ ಅಧಿಕಾರಿಯ ಮನೆಗೆ ಅಡಿಗೆಗೆ ಕಳಿಸಿದ್ರು. ಅಲ್ಲಿ ಒಂದು ಮಗು ಇತ್ತು” ಎಂದರು ಅಜ್ಜ.

“ಅದು ನಿಮ್ಮನ್ನು ಏನೂಂತ ಕರೀತಿತ್ತು?”

ಅಜ್ಜ ಅಂಗಳ ನೋಡಿದರು. ಮಾಡಿನ ತುದಿ ನೋಡಿದರು. ಆಮೇಲೆ ಕೊಡೆ ತೆಗೆದುಕೊಂಡು, ಊಟಕ್ಕೂ ನಿಲ್ಲದೆ, ಗುರುವಾಯನಕೆರೆಯ ಬಸ್ಸಿಗೆ ಹೊರಟುಹೋದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಅಜ್ಜನಿಗೆ ಊಟ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ.

ಅಂದಿನಿಂದ ಅಜ್ಜಿಯ ಎದುರು ಜಿಜಿ ಎನ್ನಬಾರದು ಎಂದಾಯಿತು. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಒಮ್ಮೆ ಅಕ್ಕ ಹೊಸ ಬಳೆ ತೋರಿಸಿ ಜಿಜಿ ಎಂದದ್ದಕ್ಕೆ ಅಜ್ಜಿ ಎದ್ದು ಒಳಗೆ ಹೋಗಿ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಅಷ್ಟೇ. ಅಜ್ಜ ಶನಿವಾರ ಬರುವುದು ತಪ್ಪಿಸಲಿಲ್ಲ, ಗೋಳಿಬಜೆಯೂ ತಪ್ಪಲಿಲ್ಲ. ಆದರೆ ಕಟ್ಟನ್ನು ಜಗಲಿಯಲ್ಲಿಟ್ಟು ಸುಮ್ಮನೆ ಕೂರುತ್ತಿದ್ದರು. ಮಾತಿಲ್ಲದ ಗೋಳಿಬಜೆಗೆ ರುಚಿ ಕಮ್ಮಿ ಎಂದು ನನಗೆ ನಿಜವಾಗಿಯೂ ಅನಿಸಿತ್ತು. ಎರಡೂ ಮುದಿ ಜೀವಗಳ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು.

ನೆರೆಕರೆಯ ಹೆಂಗಸರು ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅಲ್ಲಿ ಒಂದು ಸಂಸಾರ ಇದ್ದಿರಬೇಕು ಎಂದರು. ಒಬ್ಬರು ಅದನ್ನು ಅಜ್ಜಿಯ ಕಿವಿಗೂ ಹಾಕಿದರು. ಅಜ್ಜಿ ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸದೆ ಹೇಳಿದರು: “ಇದ್ದರೆ ಇರಲಿ ಮಾರಾಯ್ತಿ. ಅದು ಅದರ ತಾಯಿಯ ಮನೆಯ ಮಗು. ಅವರ ಮನೆ ಅವರಿಗೆ, ನಮ್ಮ ಮನೆ ನಮಗೆ.” ಅಳಿಯಕಟ್ಟಿನ ಹೆಂಗಸಿನ ಹತ್ತಿರ ಸವತಿಯ ಸುದ್ದಿ ತೆಗೆದುಕೊಂಡು ಹೋದರೆ ಹೋದ ಪುಟ್ಟ ಬಂದ ಪುಟ್ಟ ಎಂದು ಅವರು ಅರಿಯಬೇಕಿತ್ತು.

ಹಾಗಾದರೆ ಅಜ್ಜಿಗೆ ನೋವು ಯಾಕೆ ಎಂದು ನಾನು ಅಮ್ಮನನ್ನು ಕೇಳಿದೆ. ಅಮ್ಮ ಕೇಳಿದ್ದಕ್ಕೆ ಉತ್ತರ ಕೊಡುವ ಜಾತಿ.

“ನಿನಗೆ ಒಬ್ಬಳು ದೊಡ್ಡಮ್ಮ ಇದ್ದಳು, ಗೊತ್ತುಂಟಲ್ಲ?” ಎಂದರು.

ಗೊತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಕೋಳಿ ಸಾರು, ರೊಟ್ಟಿ, ಅವರವರು ಇಷ್ಟಪಡುತ್ತಿದ್ದ ತಿಂಡಿ ಬಡಿಸಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕಾಯುವುದು. ಸಾಲಿನ ಕೊನೆಗೆ ಒಂದು ಅಂಗೈಯಗಲದ ಎಲೆ ಇರುತ್ತಿತ್ತು. ಅದರಲ್ಲಿ ಮೆತ್ತಗೆ ಕಲಸಿದ ಅನ್ನ, ಒಂದು ಚೂರು ಬೆಲ್ಲ. ಅದು ದೊಡ್ಡಮ್ಮನದು. ಅಜ್ಜಿಯ ಚೊಚ್ಚಲು ಮಗಳು, ಮೂರು ವರ್ಷ ತುಂಬುವ ಮೊದಲೇ ಊರಿಗೆಲ್ಲ ಬಂದ ಜ್ವರದಲ್ಲಿ ಹೋದವಳು. ನನಗಿಂತ ಸಣ್ಣವಳಾದ ಒಬ್ಬಳು ದೊಡ್ಡಮ್ಮ ನನಗಿದ್ದಾಳೆ ಎಂಬುದು ನನಗೆ ಬಹಳ ಇಷ್ಟದ ವಿಚಾರವಾಗಿತ್ತು. ಆಟಕ್ಕೆ ಯಾರೂ ಸಿಗದ ಮಧ್ಯಾಹ್ನ ನಾನು ಅವಳನ್ನು ಕರೆದುಕೊಂಡು ತುರ್ಕಿಗೆ ಹೋಗುತ್ತಿದ್ದೆ. ಅವಳು ನಡೆದು ಸುಸ್ತಾದರೆ ಎತ್ತಿಕೊಳ್ಳುತ್ತಿದ್ದೆ.

ನನಗೆ ತಿಳಿಯದಿದ್ದ ಅರ್ಧವನ್ನು ಅಮ್ಮ ಆಗ ಹೇಳಿದರು. ಅಜ್ಜ ಯುದ್ಧಕ್ಕೆ ಹೋಗುವಾಗ ಆ ಮಗು ಅಜ್ಜಿಯ ಹೊಟ್ಟೆಯಲ್ಲಿತ್ತು. ಅಜ್ಜ ಹಿಂದೆ ಬರುವಷ್ಟರಲ್ಲಿ ಅದು ಹುಟ್ಟಿ, ನಡೆದು, ಮಾತಾಡಿ, ಹೋಗಿಯೂ ಆಗಿತ್ತು. ಅಜ್ಜ ಅದರ ಮುಖ ನೋಡಿದವರಲ್ಲ.

“ನನ್ನ ಅಪ್ಪಯ್ಯ ಬಂದು ಜಗಲಿಯಲ್ಲಿ ಕೂತರಂತೆ. ಅಮ್ಮ ವಿಷಯ ಹೇಳಿದರಂತೆ. ಒಂದು ಚೆಂಬು ನೀರು ಕುಡಿದು, ಎಲ್ಲಿ ಇಟ್ಟದ್ದು ಅಂತ ಕೇಳಿ, ಅಲ್ಲಿಗೆ ಹೋಗಿ ನೋಡಿ ಬಂದರಂತೆ. ಅಷ್ಟೇ. ಅದು ಹೇಗಿತ್ತು, ಯಾರ ಹಾಗೆ ಇತ್ತು, ಏನು ಹೇಳ್ತಿತ್ತು, ಒಂದು ಮಾತು ಕೇಳಲಿಲ್ಲ. ಇವತ್ತು ಕೇಳಿಯಾರು, ನಾಳೆ ಕೇಳಿಯಾರು ಅಂತ ಅಮ್ಮ ಕಾದರು. ನಾನು ಹುಟ್ಟಿದ ಮೇಲೂ ಕಾದರು” ಎಂದರು ಅಮ್ಮ.

ಈಗ ನೋಡಿದರೆ ಅಜ್ಜ ಅದೇ ವರ್ಷಗಳಲ್ಲಿ ಎಲ್ಲೋ ಇನ್ನೊಂದು ಮಗುವಿನ ಹತ್ತಿರ ಕೂತು ಅದರ ಮಾತನ್ನೆಲ್ಲ ಕಲಿತು ಬಂದಿದ್ದಾರೆ. ಬಂದವರು ಅದನ್ನು ಹೋಟೆಲಿನಲ್ಲಿ ಚಾ ಕುಡಿಯುವವರಿಗೆಲ್ಲ ಹೇಳಿದ್ದಾರೆ. ನಮಗೂ ಕಲಿಸಿದ್ದಾರೆ. ತನ್ನ ಮಗುವಿನ ಒಂದು ಮಾತು ಅವರಿಗೆ ಬೇಡವಾಗಿತ್ತು. ಅಜ್ಜಿಯ ಲೆಕ್ಕ ಇದು. ಕೇಳಿದ ಮೇಲೆ ನಾನು ಪೂರಾ ಅಜ್ಜಿಯ ಪಕ್ಷಕ್ಕೆ ಹೋದೆ. ಎರಡು ಶನಿವಾರ ಗೋಳಿಬಜೆ ಮುಟ್ಟಲಿಲ್ಲ. ಮೂರನೆಯ ಶನಿವಾರ ಹೊಟ್ಟೆ ಕೇಳಲಿಲ್ಲ, ಅಜ್ಜನ ಮುಖವೂ ನೋಡಲಾಗಲಿಲ್ಲ.

ಆ ವರ್ಷದ ಆಟಿಯಲ್ಲಿ ನನಗೊಂದು ಬುದ್ಧಿ ಹೊಳೆಯಿತು. ಎಲೆಗಳಿಗೆಲ್ಲ ಬಡಿಸಿ ಆದ ಮೇಲೆ, ಕೊನೆಯ ಸಣ್ಣ ಎಲೆಯ ಹತ್ತಿರ ಕೂತು, ಬೆಲ್ಲದ ಚೂರನ್ನು ಅನ್ನದ ಮೇಲಿಟ್ಟು, “ದೊಡ್ಡಮ್ಮ, ಜಿಜಿ. ಬಾ, ತಿನ್ನು” ಎಂದೆ. ಆ ಮಾತು ಅವಳಿಗೆ ಸಿಗಬೇಕಿತ್ತು, ಸಿಕ್ಕಿರಲಿಲ್ಲ, ಹಾಗಾಗಿ ನಾನೇ ಕೊಡುವ ಎಂದು ನನ್ನ ನ್ಯಾಯ. ಅಜ್ಜಿ ಬಂದು ನನ್ನ ಕಿವಿ ಹಿಡಿದು ಹೊರಗೆ ಎಳೆದು ತಂದರು. “ಅದು ಅವಳ ಮಾತಲ್ಲ” ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡರು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ನನಗೆ ಇಂದಿಗೂ ಕಾಣುವುದಿಲ್ಲ. ಕಿವಿ ಮಾತ್ರ ಸಂಜೆಯವರೆಗೆ ಉರಿಯಿತು.

ಹೈಸ್ಕೂಲಿಗೆ ನನ್ನನ್ನು ಮೂಡಬಿದಿರೆಗೆ, ಅಪ್ಪನ ಹತ್ತಿರ ಕಳಿಸಿದರು. ಅಪ್ಪ ತನ್ನ ಅಕ್ಕನ ಮನೆಯಲ್ಲಿದ್ದರು. ಸೋದರತ್ತೆ ಒಳ್ಳೆಯವರು, ಆದರೂ ಅದು ಅವರ ಮನೆ, ನಾನು ನೆಂಟಳು. ಶನಿವಾರಗಳಲ್ಲಿ ಅಜ್ಜ ಅಲ್ಲಿ ಬಂಟ್ವಾಳದ ಜಗಲಿಯಲ್ಲಿ ಕೂತಿರುತ್ತಾರೆ ಎಂದು ನೆನಪಾಗುತ್ತಿತ್ತು. ಬಸದಿಯ ಬೀದಿಯಲ್ಲಿ ಶಾಲೆಗೆ ನಡೆಯುವಾಗ, ಕಲ್ಲಿನ ಕಂಬಗಳ ನಡುವೆ ಬೆಳಗಿನ ನೆರಳು ಉದ್ದಕ್ಕೆ ಬಿದ್ದಿರುವಾಗ, ಯಾರಿಗೂ ಕೇಳದ ಹಾಗೆ ಜಿಜಿ ಎಂದುಕೊಳ್ಳುತ್ತಿದ್ದೆ. ಅಲ್ಲಿ ಅದನ್ನು ತಡೆಯುವವರು ಇರಲಿಲ್ಲ. ಆದರೆ ಜೊತೆಗೆ ಹೇಳುವವರೂ ಇರಲಿಲ್ಲ.

ಕನ್ನಡ ಪಂಡಿತರು ನಾಮಪದ, ಕ್ರಿಯಾಪದ, ಅವ್ಯಯ ಎಂದು ಪಾಠ ಮಾಡುವಾಗ ನಾನು ಎದ್ದು ನಿಂತು, ಮಕ್ಕಳ ಮಾತು ಯಾವುದಕ್ಕೆ ಸೇರುತ್ತದೆ ಎಂದು ಕೇಳಿದೆ. ಪಂಡಿತರು ಘಟ್ಟದ ಮೇಲಿನವರು. ತುಳುವಿನಲ್ಲಿ ತಂದೆಗೆ ಅಮ್ಮೆ, ತಾಯಿಗೆ ಅಪ್ಪೆ ಎನ್ನುತ್ತಾರೆ ಎಂದು ಗೊತ್ತಾದ ದಿನದಿಂದಲೇ ನಮ್ಮ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. “ಮಕ್ಕಳ ಮಾತಿಗೆ ವ್ಯಾಕರಣ ಇಲ್ಲ. ಕೇಳುವವರು ಇದ್ದರೆ ಅದು ಮಾತು, ಇಲ್ಲದಿದ್ದರೆ ಶಬ್ದ. ಕೂತ್ಕೋ” ಎಂದರು. ತಮಾಷೆಗೆ ಹೇಳಿದ್ದು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ದೊಡ್ಡಮ್ಮನ ಮಾತುಗಳನ್ನು ಕೇಳಿದವರು ಈ ಲೋಕದಲ್ಲಿ ಒಬ್ಬರೇ ಉಳಿದಿದ್ದಾರೆ, ಅವರಿಗೂ ವಯಸ್ಸಾಯಿತು ಎಂದು ಅವತ್ತು ಮೊದಲ ಸಲ ಹೊಳೆದು ಭಯವಾಯಿತು. ಅಜ್ಜಿ ಹೋದರೆ ಅವೆಲ್ಲ ಬರೀ ಶಬ್ದವೂ ಆಗಿ ಉಳಿಯುವುದಿಲ್ಲ.

ಕೆಲವು ವರ್ಷಗಳು ಹೀಗೇ ಹೋದವು. ಅಜ್ಜ ಹೋಟೆಲನ್ನು ತನ್ನ ಅಕ್ಕನ ಮಗನಿಗೆ ಬಿಟ್ಟುಕೊಟ್ಟು ಬೆಳ್ತಂಗಡಿಯ ಹತ್ತಿರ ತಮ್ಮ ಕುಟುಂಬದ ಮನೆ ಸೇರಿದರು. ಶನಿವಾರದ ಬಸ್ಸು ಮಾತ್ರ ಬಿಡಲಿಲ್ಲ. ಮೆಟ್ಟಿಲು ಹತ್ತಲು ಈಗ ಕಂಡಕ್ಟರ ಕೈ ಹಿಡಿಯಬೇಕಾಗುತ್ತಿತ್ತು. ಅಕ್ಕನಿಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತು. ಮನೆಗೆ ಮರಿಮಗಳು ಬಂದಳೆಂದು ಅಜ್ಜಿಯ ಸಂಭ್ರಮ ಹೇಳತೀರದು. ಮಗುವನ್ನು ಮೀಯಿಸುವ ಕೆಲಸಕ್ಕೆ ಅವರು ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಶಾಲೆಗೆ ರಜೆ ಇದ್ದುದರಿಂದ ನಾನು ಬಂಟ್ವಾಳಕ್ಕೆ ಬಂದಿದ್ದೆ. ಭಾನುವಾರ ಬೆಳಗ್ಗೆ, ಬಿಸಿಲು ಚೆನ್ನಾಗಿ ಏರಿತ್ತು. ಬಚ್ಚಲಿನಲ್ಲಿ ಅಜ್ಜಿ ಮಣೆಯ ಮೇಲೆ ಕಾಲು ನೀಡಿ ಕೂತಿದ್ದರು. ಎರಡು ಮೊಣಕಾಲಿನ ಕೆಳಗೆ, ಕಾಲುಗಳ ನಡುವಿನ ತಗ್ಗಿನಲ್ಲಿ, ಎಣ್ಣೆ ಹಚ್ಚಿದ ಮಗು ಮಲಗಿತ್ತು. ಒಲೆಯ ಮೇಲೆ ನೀರಿನ ಹಂಡೆ. ನಾನು ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ದಿನಾ ನೀರು ಹೊಯ್ಯುವ ಅಮ್ಮನಿಗೆ ಅಡಿಗೆಮನೆಯಲ್ಲಿ ಕೈ ಬಿಡುವಿರಲಿಲ್ಲ. ಜಗಲಿಯಲ್ಲಿದ್ದ ಅಜ್ಜ ಎದ್ದು ಬಂದು ಚೆಂಬು ತೆಗೆದುಕೊಂಡರು. ಅಜ್ಜಿ ಬೇಡ ಎನ್ನಲಿಲ್ಲ.

ಅಜ್ಜ ನೀರನ್ನು ಮೊದಲು ತಮ್ಮ ಮೊಣಕೈಗೆ ಹೊಯ್ದು ಬಿಸಿ ನೋಡಿದರು. ಆಮೇಲೆ ತೆಳ್ಳಗೆ, ಧಾರೆ ಕಡಿಯದ ಹಾಗೆ ಹೊಯ್ದರು. ಮಗು ಅಳುವುದಕ್ಕೆ ಬಾಯಿ ತೆರೆದದ್ದು ಮರೆತು ಸುಮ್ಮನಾಯಿತು. ಹಬೆಯಲ್ಲಿ ಮೂವರ ಮುಖವೂ ಮಸುಕಾಗಿ, ಎಲ್ಲ ಬಹಳ ದೂರದಲ್ಲಿ ನಡೆಯುತ್ತಿದೆ ಎಂದು ನನಗೆ ಅನಿಸುತ್ತಿತ್ತು. “ಬಿಜಿ ಬಿಜಿ” ಎಂದರು ಅಜ್ಜ. ತನಗೆ ತಿಳಿಯದೆಯೇ ಬಂದ ಮಾತು.

ಅಜ್ಜಿ ತಲೆ ಎತ್ತಲಿಲ್ಲ. “ಅದು ಎಂತ ಮಾತು?”

“ಮಕ್ಕಳನ್ನು ಮೀಯಿಸುವುದಕ್ಕೆ ಅವರು ಹಾಗೆ ಹೇಳ್ತಾರೆ.”

“ನೀವು ಮೀಯಿಸ್ತಿದ್ರಾ ಅದನ್ನು?”

“ನೀರು ಹೊಯ್ತಿದ್ದೆ. ಅದರ ತಾಯಿ ಮೀಯಿಸ್ತಿದ್ದಳು. ತಾಯಿಗೆ ಸೌಖ್ಯ ಇಲ್ಲದಾಗ ನಾನು ಮೀಯಿಸಿದ್ದೂ ಉಂಟು.”

ಅಜ್ಜಿ ಮಗುವಿನ ಕತ್ತಿನ ಮಡಿಕೆ ಬಿಡಿಸಿ ಕಡಲೆಹಿಟ್ಟು ತಿಕ್ಕಿದರು. “ಅದು ನಿಮ್ಮನ್ನು ಏನೂಂತ ಕರೀತಿತ್ತು?”

ಮತ್ತೆ ಅದೇ ಪ್ರಶ್ನೆ. ಅಜ್ಜ ಚೆಂಬು ಇಟ್ಟು ಹೊರಟುಹೋಗುತ್ತಾರೆ ಎಂದು ನಾನು ಉಸಿರು ಹಿಡಿದೆ. ಅವರು ಹೋಗಲಿಲ್ಲ. ಹಂಡೆಯಲ್ಲಿ ಚೆಂಬು ಮುಳುಗಿಸಿ ಹಾಗೆಯೇ ಹಿಡಿದುಕೊಂಡಿದ್ದರು.

“ಬಾಬಾ.”

“ಹಾಗೆಂದರೆ?”

“ಅಮ್ಮೆ” ಎಂದರು ಅಜ್ಜ. ತುಳುವಿನಲ್ಲಿ, ತಂದೆ ಎಂದು. ಆಮೇಲೆ ತಾವಾಗಿಯೇ ಮುಂದುವರಿಸಿದರು. “ಅದರ ಅಪ್ಪ, ಆ ಅಧಿಕಾರಿ, ಅವನೂ ಯುದ್ಧಕ್ಕೆ ಹೋಗಿದ್ದ. ಅದು ಹುಟ್ಟಿದ ಮೇಲೆ ಮನೆಗೆ ಬಂದವನಲ್ಲ. ಮನೆಯಲ್ಲಿ ಅದು ಕಂಡ ಗಂಡಸು ನಾನೊಬ್ಬ. ನಾನಲ್ಲ ಮಗಾ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಕೇಳಲಿಕ್ಕೆ ಖುಷಿ ಆಗ್ತಿತ್ತು ನನಗೆ. ಇಲ್ಲಿ ನಮ್ಮದೂ ಈಗ ಇಷ್ಟೇ ದೊಡ್ಡದಾಗಿರಬಹುದು, ಹೀಗೆಯೇ ಮಾತಾಡ್ತಿರಬಹುದು, ಹೋದ ಕೂಡಲೇ ಅದೂ ಕರೀತದೆ ಅಂತ ಎಣಿಸ್ತಿದ್ದೆ. ಬಂದಾಗ ನೀನು ಹೇಳಿದೆ. ಇನ್ನೊಬ್ಬರ ಮಗುವಿನ ಬಾಯಿಂದ ಅಪ್ಪ ಅನ್ನಿಸಿಕೊಂಡು ಬಂದವ, ನಮ್ಮದು ಏನು ಹೇಳ್ತಿತ್ತು ಅಂತ ಯಾವ ಮುಖದಲ್ಲಿ ಕೇಳುವುದು?”

ಅಜ್ಜಿ ಒಂದು ಅಂಗೈಯನ್ನು ಮಗುವಿನ ಹುಬ್ಬಿನ ಮೇಲೆ ಅಡ್ಡ ಹಿಡಿದು ತಲೆಗೆ ಹೊಯ್ಯಿರಿ ಎಂದು ಸನ್ನೆ ಮಾಡಿದರು. ಅಜ್ಜ ಹೊಯ್ದರು. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಎನ್ನುವಷ್ಟು ಸಿಟ್ಟು, ಅಷ್ಟೇ ಸಂಕಟ. ಒಬ್ಬರು ಕೇಳಲಿ ಎಂದು ಕಾದು, ಒಬ್ಬರು ಕೇಳಲು ನಾಚಿ, ಒಂದು ಆಯುಷ್ಯವನ್ನೇ ಕಳೆದಿದ್ದರಲ್ಲ.

“ನೀರಿಗೆ ಈಯಿ ಅಂತಿದ್ದಳು” ಎಂದರು ಅಜ್ಜಿ.

ಅಜ್ಜ ಚೆಂಬು ಕೆಳಗಿಟ್ಟರು.

“ಕಾಗೆಗೆ ಕೆಕ್ಕೆ. ಬೆಲ್ಲ ಬೇಕಾದ್ರೆ ಬಾಯಿ ತೆರೆದು ಆ ಅನ್ನುವುದು, ಅದಕ್ಕೆ ಬೇರೆ ಮಾತು ಇರಲಿಲ್ಲ. ಸಂಜೆ ನಾನು ಕಡವಿಗೆ ಕರಕೊಂಡು ಹೋಗ್ತಿದ್ದೆ. ನಿನ್ನ ಅಮ್ಮೆ ದೋಣಿಯಲ್ಲಿ ಹೋಗಿದ್ದಾರೆ, ದೋಣಿಯಲ್ಲಿ ಬರ್ತಾರೆ ಅಂತ ತೋರಿಸ್ತಿದ್ದೆ. ಅವಳು ದೋಣಿಗೇ ಅಮ್ಮೆ ಅಂತ ಹೆಸರು ಅಂದುಕೊಂಡಳು. ಯಾವ ದೋಣಿ ಬಂದ್ರೂ ಅಮ್ಮೆ ಬಂದರು ಅಂತ ಕೈ ತಟ್ಟಿ ಕುಣೀತಿದ್ದಳು. ದಡಕ್ಕೆ ಕಟ್ಟಿದ ಮೇಲೆ ಹತ್ತಿರ ಹೋಗಿ ತಡವಿ ಬರ್ತಿದ್ದಳು.” ಅಜ್ಜಿ ಮಗುವನ್ನು ಮಗುಚಿ ಬೆನ್ನಿನ ಹಿಟ್ಟು ತೊಳೆದರು. “ಉಪ್ಪು ತಕ್ಕೊಂಡು ಬರ್ತಿದ್ರಿ ನೀವು. ಹೆಂಚು ತಕ್ಕೊಂಡು ಬರ್ತಿದ್ರಿ. ಮಳೆಗಾಲ ಬಿಟ್ಟರೆ ಒಂದು ದಿನ ತಪ್ಪಿಸಲಿಲ್ಲ. ಅಪ್ಪ ಮನೆಯಲ್ಲಿಲ್ಲ ಅಂತ ಅವಳಿಗೆ ಗೊತ್ತೇ ಇರಲಿಲ್ಲ.”

ಅಜ್ಜ ಬಚ್ಚಲಿನ ಒದ್ದೆ ನೆಲದಲ್ಲಿ ಮೆಲ್ಲಗೆ ಕೂತರು. ಬೈರಾಸಿನಲ್ಲಿ ಮುಖ ಒರೆಸಿಕೊಂಡರು. ಹಂಡೆಯ ನೀರು ಆರುತ್ತಿತ್ತು, ಮಗುವಿಗೆ ಚಳಿಯಾದೀತು ಎಂದು ನಾನು ಬಟ್ಟೆ ಮುಂದೆ ಹಿಡಿದೆ. ಅಜ್ಜಿ ಮಗುವನ್ನು ಎತ್ತಿ ನನಗೆ ಕೊಟ್ಟು, ಕಾಲು ಮಡಚದೆ ಹಾಗೆಯೇ ಕೂತಿದ್ದರು.

“ಮತ್ತೆ?” ಎಂದು ಕೇಳಿದರು ಅಜ್ಜ. “ಮತ್ತೆ ಏನೆಲ್ಲ ಹೇಳ್ತಿದ್ದಳು?”